ತಾತನಿಗೂ ತಾತನ ತಾತನಿಗೂ ಒಂದೇ ಹೆಸರು: ಆನ್‌ಲೈನ್ ವಂಶವೃಕ್ಷದ ಜೋಡಿ ನಮೂದುಗಳಿಗೆ ದೋಷ ನಿವಾರಣೆ ಕೈಪಿಡಿ

ದೋಷ ಹೀಗೆ ಕಾಣಿಸಿಕೊಳ್ಳುತ್ತದೆ. ವಂಶವೃಕ್ಷ ತೆರೆದರೆ ಒಬ್ಬ ಮುನಿಯಪ್ಪ ಇರಬೇಕಾದಲ್ಲಿ ಮೂವರಿದ್ದಾರೆ. ಒಬ್ಬರಿಗೆ ನಾಲ್ವರು ಮಕ್ಕಳು, ಇನ್ನೊಬ್ಬರಿಗೆ ಇಬ್ಬರು, ಮೂರನೆಯವರ ಪಕ್ಕದಲ್ಲಿ ಹೆಂಡತಿಯ ಹೆಸರು ಮಾತ್ರ. ಮೂವರ ತಂದೆಯೂ ವೆಂಕಟಪ್ಪ. ಮೂವರ ಊರೂ ಶಿಡ್ಲಘಟ್ಟ ತಾಲ್ಲೂಕು. ಬದಿಯಲ್ಲಿ ‘ಇವರು ಒಬ್ಬರೇ ಇರಬಹುದು, ವಿಲೀನಗೊಳಿಸುವಿರಾ?’ ಎಂಬ ಸೂಚನೆ ಮಿನುಗುತ್ತಿರುತ್ತದೆ.

ನಾನು ಆ ಸೂಚನೆಯನ್ನು ನಂಬಿ ಇಬ್ಬರನ್ನು ಒಂದಾಗಿಸಿದೆ. ಆಗ ಹುಟ್ಟಿದ ಮನುಷ್ಯ 1867ರಲ್ಲಿ ಜನಿಸಿ, 1958ರಲ್ಲಿ ಕೊನೆಯ ಮಗುವಿನ ತಂದೆಯಾಗಿದ್ದ. ಅಂದರೆ ತೊಂಬತ್ತೊಂದನೆಯ ವಯಸ್ಸಿನಲ್ಲಿ. ನಾನು ಸೇರಿಸಿದ್ದು ನನ್ನ ತಾತನನ್ನೂ ಅವರ ತಾತನನ್ನೂ. ಅವರಿಬ್ಬರ ಮಕ್ಕಳು, ಹೆಂಡತಿಯರು, ಕಾಗದಪತ್ರಗಳೆಲ್ಲ ಒಂದೇ ರಾಶಿಯಾಗಿ ಬಿದ್ದವು. ಬಿಡಿಸಲು ಮೂರು ತಿಂಗಳ ಸಂಜೆಗಳು ಬೇಕಾದವು. ಆ ಮೂರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ, ಸಂಬಂಧಗಳನ್ನು ಇದ್ದಂತೆಯೇ ಇಟ್ಟಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಜೋಡಿ ನಮೂದು ಸಣ್ಣ ದೋಷ, ತಪ್ಪು ವಿಲೀನ ದೊಡ್ಡ ದೋಷ. ಒಬ್ಬರೇ ಎರಡು ಕಡೆ ಇದ್ದರೆ ಅವರ ಬಗ್ಗೆ ತಿಳಿದದ್ದು ಹಂಚಿಹೋಗಿರುತ್ತದೆ, ಅಷ್ಟೇ. ಇಬ್ಬರನ್ನು ಒಬ್ಬರನ್ನಾಗಿ ಮಾಡಿದರೆ ಬದುಕಿ ಬಾಳಿದ ಒಬ್ಬ ಮನುಷ್ಯ ವಂಶದಿಂದಲೇ ಅಳಿಸಿಹೋಗುತ್ತಾನೆ. ಆದ್ದರಿಂದ ಗುಂಡಿ ಒತ್ತುವುದು ಕೊನೆಯ ಕೆಲಸ.

ನಿಜಕ್ಕೂ ಎರಡು ನಮೂದುಗಳಿವೆಯೇ?

ಇದನ್ನು ಯಾರೂ ಮೊದಲು ಕೇಳಿಕೊಳ್ಳುವುದಿಲ್ಲ. ಪಟದಲ್ಲಿ ಒಂದೇ ಹೆಸರು ಎರಡು ಕಡೆ ಕಂಡ ಮಾತ್ರಕ್ಕೆ ದಾಖಲೆಗಳು ಎರಡು ಎಂದು ಹೇಳಲಾಗದು. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಹಿಂದಿನವರಿಗೆ ಸಹಜವಾಗಿತ್ತು. ನನ್ನ ತಾತ ಮದುವೆಯಾದದ್ದೂ ತಮ್ಮ ಅಕ್ಕನ ಮಗಳನ್ನೇ. ಹಾಗಾಗಿ ತಾತನ ತಾಯಿಯೇ ನನ್ನ ಅಜ್ಜಿಗೆ ತಾಯಿಯ ತಾಯಿ. ಪಟವನ್ನು ನನ್ನಿಂದ ಮೇಲಕ್ಕೆ ಬಿಡಿಸಿದರೆ ಆಕೆ ತಾತನ ಕಡೆಯಿಂದ ಮೂರನೆಯ ತಲೆಮಾರಿನಲ್ಲೂ ಅಜ್ಜಿಯ ಕಡೆಯಿಂದ ನಾಲ್ಕನೆಯ ತಲೆಮಾರಿನಲ್ಲೂ ಕಾಣಿಸುತ್ತಾರೆ. ದಾಖಲೆ ಒಂದೇ, ಅದಕ್ಕೆ ಹೋಗುವ ದಾರಿ ಎರಡು.

ಪತ್ತೆ ಮಾಡುವುದು ಸುಲಭ. ಪ್ರತಿ ತಾಣವೂ ವ್ಯಕ್ತಿಗೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಫ್ಯಾಮಿಲಿಸರ್ಚ್‌ನಲ್ಲಿ (ಎಲ್ಲರೂ ಸೇರಿ ಒಂದೇ ವೃಕ್ಷ ಕಟ್ಟುವ ಉಚಿತ ತಾಣ) ಅದು ನಾಲ್ಕು ಮತ್ತು ಮೂರಾಗಿ ಒಡೆದ ಏಳು ಅಕ್ಷರ-ಅಂಕಿಗಳ ಗುಂಪು, ಹೆಸರಿನ ಕೆಳಗೇ ಇರುತ್ತದೆ. ಎರಡೂ ಕಡೆ ಒತ್ತಿ ಈ ಗುರುತನ್ನು ಹೋಲಿಸಿ. ಒಂದೇ ಆಗಿದ್ದರೆ ದೋಷವೇ ಇಲ್ಲ, ಕೈ ಹಚ್ಚಬೇಡಿ. ನಮ್ಮ ಬಂಧುವೊಬ್ಬರು ‘ಹೆಚ್ಚಾದ’ ಮುತ್ತಜ್ಜಿಯನ್ನು ತೆಗೆಯಲು ಹೋಗಿ ಅಜ್ಜಿಯ ತಾಯಿಗೂ ಆಕೆಯ ತಾಯಿಗೂ ನಡುವಿನ ಸಂಬಂಧವನ್ನೇ ಕಳಚಿಬಿಟ್ಟರು. ಪಟ ಚೊಕ್ಕಟವಾಗಿ ಕಂಡಿತು. ಅಕ್ಕನ ಮಗಳ ಮದುವೆಯ ಸುಳಿವೇ ಅದರಲ್ಲಿ ಉಳಿಯಲಿಲ್ಲ.

ಜೋಡಿ ನಮೂದು ಹುಟ್ಟುವ ಬಗೆ

ಗುರುತುಗಳು ಬೇರೆಬೇರೆಯಾಗಿದ್ದರೆ ಮುಂದಿನ ಪ್ರಶ್ನೆ, ಎರಡನೆಯದು ಬಂದದ್ದು ಹೇಗೆ ಎಂಬುದು. ಕಾರಣ ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

ಎಲ್ಲರೂ ಸೇರಿ ಕಟ್ಟುವ ವೃಕ್ಷಗಳಲ್ಲಿ ಬದುಕಿರುವವರ ನಮೂದು ಅದನ್ನು ಸೇರಿಸಿದವರ ಖಾಸಗಿ ಜಾಗದಲ್ಲೇ ಇರುತ್ತದೆ. ನಾನು ತಾತನನ್ನು ಸೇರಿಸುವಾಗ ‘ಬದುಕಿದ್ದಾರೆ’ ಎಂಬ ಗುರುತು ಹಾಗೆಯೇ ಉಳಿದಿತ್ತು. ಅತ್ತೆಯ ಮಗನಿಂದಲೂ ಅದೇ ಆಗಿತ್ತು. ಇಬ್ಬರಿಗೂ ಇನ್ನೊಬ್ಬರ ನಮೂದು ಕಾಣುತ್ತಿರಲಿಲ್ಲ. ಮುಂದೆ ಇಬ್ಬರೂ ‘ಗತಿಸಿದ್ದಾರೆ’ ಎಂದು ತಿದ್ದಿದ ದಿನ ಎರಡು ತಾತಂದಿರು ಬಯಲಿಗೆ ಬಂದರು. ಇಂಥ ಜೋಡಿಯನ್ನು ಒಂದಾಗಿಸುವುದು ಬಹುತೇಕ ನಿರಪಾಯ. ಸೇರಿಸಿದ ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ಎರಡನೆಯ ಕಾರಣ ಕಡತ. ವಂಶವೃಕ್ಷದ ತಂತ್ರಾಂಶಗಳು ಪರಸ್ಪರ ಮಾತಾಡಿಕೊಳ್ಳುವುದು ಜೆಡ್‌ಕಾಮ್ ಎಂಬ ರೂಪದ ಕಡತಗಳ ಮೂಲಕ. ಇದು 1984ರಿಂದ ಬಳಕೆಯಲ್ಲಿದೆ. ಕಳೆದ ವರ್ಷ ಒಮ್ಮೆ ಏರಿಸಿದ ಕಡತವನ್ನೇ ಈ ವರ್ಷ ನಾಲ್ಕು ಹೆಸರು ಸೇರಿಸಿ ಮತ್ತೆ ಏರಿಸಿದರೆ ನಾಲ್ಕು ಹೆಸರಷ್ಟೇ ಸೇರುವುದಿಲ್ಲ, ಇಡೀ ವಂಶ ಎರಡನೆಯ ಸಲ ಬಂದು ಕೂರಬಹುದು. ಗ್ರಾಂಪ್ಸ್‌ನಂಥ ಉಚಿತ ತಂತ್ರಾಂಶ ಬಳಸುವವರು ಹೊಸ ಕಡತವನ್ನು ಯಾವಾಗಲೂ ಖಾಲಿ ವೃಕ್ಷವೊಂದಕ್ಕೆ ಇಳಿಸಿ ನೋಡುವುದು ಒಳ್ಳೆಯದು. ಇದರ ಲಕ್ಷಣವೂ ಸ್ಪಷ್ಟ: ಒಬ್ಬರಲ್ಲ, ಅಣ್ಣ ತಮ್ಮ ಹೆಂಡತಿ ಮಕ್ಕಳು ಎಲ್ಲರೂ ಎರಡೆರಡಾಗಿರುತ್ತಾರೆ, ಕಾಗುಣಿತದ ತಪ್ಪುಗಳೂ ಎರಡೂ ಕಡೆ ಒಂದೇ. ಆಗ ಒಬ್ಬೊಬ್ಬರನ್ನೇ ವಿಲೀನಗೊಳಿಸುತ್ತ ಕೂರಬೇಡಿ. ನಿಮ್ಮದೇ ಸ್ವಂತ ವೃಕ್ಷವಾಗಿದ್ದರೆ ಏರಿಸುವ ಮುಂಚಿನ ಪ್ರತಿಗೆ ಹಿಂದಿರುಗಿ.

ಹಳೆಯ ಕಡತಗಳಲ್ಲಿ ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಅದು ಅಕ್ಷರ ಸಂಕೇತದ ತೊಡಕು. 2021ರಲ್ಲಿ ಬಂದ ಜೆಡ್‌ಕಾಮ್ 7.0 ಆವೃತ್ತಿ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತವೊಂದನ್ನೇ ಒಪ್ಪುತ್ತದೆ, ಕನ್ನಡ ಅದರಲ್ಲಿ ಹಾಳಾಗುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ ಕಾರಣ. ಎರಡು ನಮೂದುಗಳಲ್ಲೂ ‘ಕೊಂಡಪ್ಪ’ ಎಂದೇ ಇದೆ, ಆದರೆ ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ಕಕಾರಕ್ಕೆ ಒತ್ವದ ಒಂದೇ ಚಿಹ್ನೆ ಹಚ್ಚಿಯೂ ಬರೆಯಬಹುದು, ಎತ್ವದ ಚಿಹ್ನೆಯ ಮುಂದೆ ಊತ್ವದ ಚಿಹ್ನೆ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸರಿಯಾಗಿ ಹೊಂದಿಸಿ ನೋಡದ ಹುಡುಕಾಟಕ್ಕೆ ಅವು ಬೇರೆ ಹೆಸರುಗಳು. ‘ರಾಜ್‌ಕುಮಾರ್’ ಎಂಬಂಥ ಹೆಸರಿನಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಅಂಟದಿರಲಿ ಎಂದು ಹಾಕುವ ಅಗೋಚರ ಚಿಹ್ನೆಯೂ ಹೀಗೆಯೇ ಕಾಟ ಕೊಡುತ್ತದೆ. ಇದರ ಮದ್ದು ಸರಳ: ಎರಡೂ ಕಡೆ ಹೆಸರನ್ನು ಪೂರ್ತಿ ಅಳಿಸಿ, ಒಂದೇ ಕೀಲಿಮಣೆಯಿಂದ ಹೊಸದಾಗಿ ಬೆರಳಚ್ಚಿಸಿ. ವರ್ಷಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ, ತಂತ್ರಾಂಶ ಅದನ್ನು ದಿನಾಂಕವೆಂದು ಗುರುತಿಸುತ್ತಿದೆಯೇ ಎಂಬುದನ್ನೂ ನೋಡಿ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರುಗಳದ್ದು ಬೇರೆಯೇ ಕಥೆ. ಹೋಲುವ ಹೆಸರುಗಳನ್ನು ಹುಡುಕಲು ಹಲವು ತಂತ್ರಾಂಶಗಳು ಸೌಂಡೆಕ್ಸ್ ಎಂಬ ಸಂಕೇತ ಬಳಸುತ್ತವೆ. ಅದಕ್ಕೆ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಅಕ್ಷರ ಉಳಿಸಿಕೊಂಡು ಮುಂದಿನ ಮೂರು ವ್ಯಂಜನಗಳಿಗೆ ಅಂಕಿ ಕೊಡುವುದು ಅದರ ಕ್ರಮ. ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ: ವೆಂಕಟಪ್ಪ, ವೆಂಕಟೇಶ, ವೆಂಕಟಸ್ವಾಮಿ, ವೆಂಕಟರಮಣಪ್ಪ, ನಾಲ್ಕಕ್ಕೂ ವಿ-523 ಎಂಬ ಒಂದೇ ಸಂಕೇತ. ನಮ್ಮ ಕಡೆ ನಾಲ್ಕು ಜನ ಅಣ್ಣತಮ್ಮಂದಿರಿಗೇ ಈ ನಾಲ್ಕು ಹೆಸರು ಇಟ್ಟ ಮನೆಗಳಿವೆ. ಯಂತ್ರ ‘ಹೊಂದಿಕೆಯಾಗುತ್ತದೆ’ ಎಂದಾಗ ಅದು ಎಷ್ಟು ಕೇಳಿಸಿಕೊಂಡು ಹೇಳುತ್ತಿದೆ ಎಂಬುದು ತಿಳಿದಿರಬೇಕು.

ಮನೆತನದ ಹೆಸರಿನ ಕಾಲಂ ಕೂಡ ತೊಂದರೆಯ ಮೂಲ. ನಮ್ಮಲ್ಲಿ ಇರುವುದು ಇನಿಷಿಯಲ್, ಊರಿನದೊಂದು, ತಂದೆಯದೊಂದು. ಆ ಕಾಲಂ ಖಾಲಿ ಬಿಡಲು ತಾಣ ಒಪ್ಪದಿದ್ದಾಗ ಒಬ್ಬರು ತಂದೆಯ ಹೆಸರು ಹಾಕುತ್ತಾರೆ, ಇನ್ನೊಬ್ಬರು ಊರು, ಮತ್ತೊಬ್ಬರು ಜಾತಿ. ಒಬ್ಬನೇ ಮನುಷ್ಯ ಮೂರು ಮನೆತನಕ್ಕೆ ಸೇರುತ್ತಾನೆ. ಇದಕ್ಕೆ ಮನೆಮಂದಿಯೆಲ್ಲ ಕೂತು ಒಂದು ನಿಯಮ ಮಾಡಿಕೊಳ್ಳುವುದೊಂದೇ ದಾರಿ. ನಮ್ಮ ನಿಯಮ: ಆ ಕಾಲಮಿನಲ್ಲಿ ತಂದೆಯ ಹೆಸರು, ಊರು ಊರಿನ ಕಾಲಮಿನಲ್ಲೇ.

ಊರಿನ ಕಾಲಂ ಎಂದೊಡನೆ ಜಿಲ್ಲೆಯ ಮಾತು ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರುಗಳೆಲ್ಲ 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 1973ರವರೆಗೆ ರಾಜ್ಯದ ಹೆಸರು ಮೈಸೂರು. ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ‘ಕೋಲಾರ ಜಿಲ್ಲೆ, ಮೈಸೂರು’ ಎಂದಿರುವ ಮುನಿಯಪ್ಪನನ್ನೂ ‘ಚಿಕ್ಕಬಳ್ಳಾಪುರ ಜಿಲ್ಲೆ, ಕರ್ನಾಟಕ’ ಎಂದಿರುವ ಮುನಿಯಪ್ಪನನ್ನೂ ಯಂತ್ರ ಬೇರೆ ಊರಿನವರೆಂದು ತಿಳಿಯಬಹುದು. ಘಟನೆ ನಡೆದ ಕಾಲದಲ್ಲಿ ಊರು ಯಾವ ಜಿಲ್ಲೆಯಲ್ಲಿತ್ತೋ ಅದನ್ನೇ ಬರೆದು, ಇಂದಿನ ಜಿಲ್ಲೆಯನ್ನು ಟಿಪ್ಪಣಿಯಲ್ಲಿ ಸೇರಿಸಿ.

ಇನ್ನೊಂದು, ನಮ್ಮ ಗಡಿ ಸೀಮೆಗೇ ವಿಶೇಷವಾದದ್ದು. ಬಾಗೇಪಲ್ಲಿ ಕಡೆಯ ನೆಂಟರು ಮನೆಯಲ್ಲಿ ತೆಲುಗು ಮಾತಾಡುವವರು. ನಮ್ಮ ದೊಡ್ಡ ಮುನಿಯಪ್ಪ ಅವರಿಗೆ ಪೆದ್ದ ಮುನಿಯಪ್ಪ, ನಮ್ಮ ಚಿಕ್ಕಮ್ಮ ಅವರಿಗೆ ಚಿನ್ನಮ್ಮ. ಇಲ್ಲಿ ಸಂಬಂಧದ ಪದ ಯಾವುದು, ಇಟ್ಟ ಹೆಸರು ಯಾವುದು ಎಂಬುದನ್ನು ಯಂತ್ರ ತಿಳಿಯಲಾರದು. ಚಿನ್ನಮ್ಮ ಎಂಬುದು ಅಚ್ಚ ಕನ್ನಡದ ಹೆಸರೂ ಹೌದಲ್ಲ!

ಅರವತ್ತು ವರ್ಷದ ಬಲೆ

ನಾನು ಬಿದ್ದದ್ದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಂದಾಯ ದಾಖಲೆಗಳಲ್ಲಿ ಒಬ್ಬ ವ್ಯಕ್ತಿಯ ಗುರುತು ‘ಬಿನ್’ ಎಂಬ ಪದದ ಮೇಲೆ ನಿಂತಿದೆ. ‘ಮುನಿಯಪ್ಪ ಬಿನ್ ವೆಂಕಟಪ್ಪ’ ಎಂದರೆ ವೆಂಕಟಪ್ಪನ ಮಗ ಮುನಿಯಪ್ಪ. ತಂದೆಯ ಹೆಸರೂ ಕೂಡಿದ್ದರೆ ಗುರುತು ಗಟ್ಟಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಮುನಿಯಪ್ಪನ ಮಗ ವೆಂಕಟಪ್ಪ, ವೆಂಕಟಪ್ಪನ ಮಗ ಮುನಿಯಪ್ಪ, ಅವನ ಮಗ ಮತ್ತೆ ವೆಂಕಟಪ್ಪ. ಹಾಗಾಗಿ ‘ಮುನಿಯಪ್ಪ ಬಿನ್ ವೆಂಕಟಪ್ಪ’ ಎಂಬ ಜೋಡಿ ಎರಡು ತಲೆಮಾರಿಗೊಮ್ಮೆ ಅಕ್ಷರಶಃ ಮರುಕಳಿಸುತ್ತದೆ. ಊರು ಅದೇ, ಮನೆ ಅದೇ, ಮನೆದೇವರು ಅದೇ.

ಹುಟ್ಟಿದ ವರ್ಷ ನೋಡಿ ಬಿಡಿಸೋಣವೆಂದರೆ ಹಳಬರು ನೆನಪಿಟ್ಟಿರುವುದು ಸಂವತ್ಸರ. ನಮ್ಮ ಮನೆಯ ಪಂಚಾಂಗವೊಂದರ ಒಳರಟ್ಟಿನ ಮೇಲೆ ‘ಮುನಿಯಪ್ಪ, ಪ್ರಭವ ಸಂ. ಮಾಘ’ ಎಂದು ಮಾಸಲು ಮಸಿಯಲ್ಲಿ ಬರೆದಿತ್ತು. ಸಂವತ್ಸರಗಳ ಚಕ್ರ ಅರವತ್ತು ವರ್ಷದ್ದು. ಪ್ರಭವ 1867–68ರಲ್ಲಿ ಬಂದಿತ್ತು, 1927–28ರಲ್ಲಿ ಮತ್ತೆ ಬಂತು, 1987–88ರಲ್ಲಿ ಇನ್ನೊಮ್ಮೆ. ಅರವತ್ತು ವರ್ಷವೆಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಹೆಸರಿನ ಸುತ್ತು ಮತ್ತು ಸಂವತ್ಸರದ ಸುತ್ತು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಆ ಬರಹವನ್ನು ದೊಡ್ಡಪ್ಪನ ಮಗ 1867 ಎಂದು ಓದಿಕೊಂಡಿದ್ದ, ನಾನು 1927 ಎಂದು. ಒಂದೇ ಸಂವತ್ಸರ, ಒಂದೇ ಹೆಸರು, ಒಂದೇ ‘ಬಿನ್’ ಇರುವಾಗ ವರ್ಷದ ವ್ಯತ್ಯಾಸ ಲೆಕ್ಕದ ತಪ್ಪಷ್ಟೇ ಎಂದು ತೀರ್ಮಾನಿಸಿ ಇಬ್ಬರನ್ನೂ ಸೇರಿಸಿದೆ.

ಇಂಥ ಕಡೆ ಮಾಡಬೇಕಾದ ಪರೀಕ್ಷೆ ಹೀಗಿದೆ. ಮೊದಲು, ಸಂವತ್ಸರವನ್ನು ಇಸವಿಗೆ ತಿರುಗಿಸಿ ಬರೆದಿದ್ದರೆ ಮೂಲವನ್ನೂ ಟಿಪ್ಪಣಿಯಲ್ಲಿ ಇದ್ದಂತೆಯೇ ಇಡಿ, ಸಾಧ್ಯವಿರುವ ಎರಡೂ ಇಸವಿಗಳನ್ನು ಬರೆಯಿರಿ. ತಿರುಗಿಸುವಾಗ ಯುಗಾದಿಯನ್ನು ಮರೆಯಬೇಡಿ: ಪ್ರಭವ ಶುರುವಾದದ್ದು 1927ರ ಏಪ್ರಿಲ್‌ನಲ್ಲಿ, ಆದರೆ ಅದರ ಮಾಘ ಮಾಸ ಬಂದದ್ದು 1928ರ ಜನವರಿ–ಫೆಬ್ರವರಿಯಲ್ಲಿ. ಒಂದು ವರ್ಷದ ವ್ಯತ್ಯಾಸಕ್ಕೆ ಹೆಚ್ಚಿನ ಸಲ ಇದೇ ಕಾರಣ, ಆಗ ಅದು ನಿಜವಾದ ಜೋಡಿಯೇ ಇರಬಹುದು. ವ್ಯತ್ಯಾಸ ಸರಿಯಾಗಿ ಅರವತ್ತು ಅಥವಾ ಅದರ ಆಸುಪಾಸು ಬಂದರೆ ಅಲ್ಲೇ ನಿಲ್ಲಿ. ಅದು ಲೆಕ್ಕದ ತಪ್ಪೂ ಇರಬಹುದು, ತಾತ–ಮೊಮ್ಮಗನೂ ಇರಬಹುದು.

ಮನೆಯಲ್ಲಿ ಉಳಿದ ಮಾತುಗಳೂ ಇಲ್ಲಿ ನೆರವಿಗೆ ಬರುತ್ತವೆ. ‘ಧಾತು ಈಶ್ವರ ಬರದಲ್ಲಿ ಹುಡುಗನಾಗಿದ್ದ’ ಎಂದು ಅಜ್ಜಿ ಹೇಳುತ್ತಿದ್ದ ಮುನಿಯಪ್ಪ 1927ರವನಾಗಲು ಸಾಧ್ಯವೇ ಇಲ್ಲ. ಧಾತು, ಈಶ್ವರ ಸಂವತ್ಸರಗಳ ಆ ಬರ 1876–78ರದ್ದು, ಮೈಸೂರು ಸಂಸ್ಥಾನವನ್ನೇ ನಡುಗಿಸಿದ ಕ್ಷಾಮ. 1867ರಲ್ಲಿ ಹುಟ್ಟಿದವನಿಗೆ ಆಗ ಒಂಬತ್ತು ಹತ್ತು ವರ್ಷ. ಅಜ್ಜಿಯ ಆ ಒಂದು ಮಾತನ್ನು ನಾನು ಮೊದಲೇ ಗಮನಕ್ಕೆ ತಂದುಕೊಂಡಿದ್ದರೆ ಗುಂಡಿ ಒತ್ತುತ್ತಿರಲಿಲ್ಲ.

ಯಾವ ಕಾಗದ ಯಾವುದನ್ನು ಬಿಡಿಸುತ್ತದೆ

ಸಾಕ್ಷ್ಯಗಳನ್ನು ನಾನು ಎರಡಾಗಿ ನೋಡುತ್ತೇನೆ. ಇಡೀ ವಂಶಕ್ಕೆ ಸೇರಿದ್ದು ಒಂದು: ಗೋತ್ರ ಅಥವಾ ಬೆಡಗು, ಮನೆದೇವರು, ಊರು, ಜಮೀನಿನ ಸರ್ವೆ ನಂಬರ್. ಇವು ಇಬ್ಬರೂ ಒಂದೇ ವಂಶದವರು ಎಂದು ಹೇಳುತ್ತವೆ, ಒಬ್ಬರೇ ಎಂದು ಹೇಳುವುದಿಲ್ಲ. ಒಬ್ಬ ವ್ಯಕ್ತಿಗೇ ಅಂಟಿದ್ದು ಇನ್ನೊಂದು: ಹೆಂಡತಿ, ಒಡಹುಟ್ಟಿದವರು, ಸತ್ತ ತಿಥಿ, ಜಮೀನು ಯಾರಿಂದ ಬಂದು ಯಾರಿಗೆ ಹೋಯಿತು ಎಂಬುದು. ಒಂದಾಗಿಸಬೇಕಾದರೆ ಎರಡನೆಯ ಬಗೆಯ ಸಾಕ್ಷ್ಯ ಕನಿಷ್ಠ ಮೂರು ಕೂಡಿಬರಬೇಕು ಎಂಬುದು ನನ್ನ ನಿಯಮ.

ಪಹಣಿಯ 9ನೆಯ ಕಾಲಮಿನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಪಕ್ಕದ 10ನೆಯದರಲ್ಲಿ ಸ್ವಾಧೀನ ಬಂದ ರೀತಿ ಮತ್ತು ಖಾತೆ ಬದಲಾವಣೆಯ, ಅಂದರೆ ಮ್ಯುಟೇಶನ್‌ನ ಎಂ.ಆರ್. ಸಂಖ್ಯೆ. ಹೆಚ್ಚಿನವರು 9ನ್ನು ಓದಿ ಮುಚ್ಚುತ್ತಾರೆ. ವಂಶ ಹುಡುಕುವವರಿಗೆ ಬೇಕಾದದ್ದು 10. ಆ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮ್ಯುಟೇಶನ್ ಪ್ರತಿ ಕೇಳಿದರೆ, ಪೌತಿಯಾಗಿದ್ದಲ್ಲಿ, ಅಂದರೆ ಸಾವಿನಿಂದ ಆದ ಬದಲಾವಣೆಯಾಗಿದ್ದಲ್ಲಿ, ಸತ್ತವರು ಯಾರು, ಖಾತೆ ಯಾರ ಹೆಸರಿಗೆ ಬಂತು ಎಂಬುದು ತಿಳಿಯುತ್ತದೆ. ಗಣಕೀಕೃತ ಪಹಣಿ ಬಂದದ್ದು 2000ದ ಸುಮಾರಿಗೆ, ‘ಭೂಮಿ’ ಯೋಜನೆಯಲ್ಲಿ. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿಯನ್ನೇ ಕೇಳಬೇಕು. ಎರಡರ ಕಾಗುಣಿತದಲ್ಲಿ ವ್ಯತ್ಯಾಸವಿದ್ದರೆ ಗಾಬರಿಪಡಬೇಡಿ, ಸರ್ವೆ ನಂಬರ್ ಮತ್ತು ಹಿಸ್ಸಾ (ಪಾಲಿನ ಸಂಖ್ಯೆ) ಹೊಂದಿಸಿ ನೋಡಿ. ಜನರ ಹೆಸರು ಬದಲಾದರೂ ಜಮೀನು ಎದ್ದು ಹೋಗುವುದಿಲ್ಲ. 42 ಇದ್ದದ್ದು ಪಾಲಾದ ಮೇಲೆ 42/1, 42/2 ಆಗಿರುತ್ತದೆ. ಆ ಒಡೆದ ಅಂಕಿಯೇ ಅಣ್ಣತಮ್ಮಂದಿರು ಇದ್ದರೆಂಬುದಕ್ಕೆ ಸುಳಿವು.

ನನ್ನ ಗಂಟನ್ನು ಬಿಡಿಸಿದ್ದು ಮಾತ್ರ ಸರ್ಕಾರಿ ಕಾಗದವಲ್ಲ. ಟ್ರಂಕಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಯ ಕೆಳಗೆ ನಾಲ್ಕು ಮಡಿಕೆಯಾಗಿ ಮಲಗಿದ್ದ ಪಾಲುಪಟ್ಟಿ. ಮೈಸೂರು ಸರ್ಕಾರದ ಛಾಪಾ ಕಾಗದ, ಕಂದುಬಣ್ಣಕ್ಕೆ ತಿರುಗಿದ ಮಸಿ, ಮಡಿಕೆಯ ಗೆರೆಯಲ್ಲಿ ಒಂದು ಸಾಲು ಪೂರ್ತಿ ಸವೆದಿತ್ತು. ಬಹುಧಾನ್ಯ ಸಂವತ್ಸರ ಎಂದೂ 1938 ಎಂದೂ ಎರಡೂ ಇತ್ತು. ಎರಡು ಲೆಕ್ಕದ ಕಾಲವನ್ನೂ ಒಟ್ಟಿಗೆ ಕೊಡುವ ಇಂಥ ಕಾಗದ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಮೊದಲ ಸಾಲಿನಲ್ಲೇ ವೆಂಕಟಪ್ಪ ಮತ್ತು ಅವರ ತಮ್ಮ ‘ನಮ್ಮ ತಂದೆ ಮುನಿಯಪ್ಪನವರು ಗತಿಸಿದ ಮೇಲೆ’ ಎಂದು ಶುರುಮಾಡಿದ್ದರು. ಕೆಳಗೆ ಚೆಕ್ಕುಬಂದಿ (ಜಮೀನಿನ ನಾಲ್ಕು ಎಲ್ಲೆಗಳು), ಎರಡು ಹೆಬ್ಬೆಟ್ಟಿನ ಗುರುತು. 1938ಕ್ಕೆ ಒಬ್ಬ ಮುನಿಯಪ್ಪ ಗತಿಸಿದ್ದಾರೆ. ನಮ್ಮ ತಾತನಿಗೆ ಆಗ ಹತ್ತು ವರ್ಷ. ಇಬ್ಬರು ಮುನಿಯಪ್ಪಂದಿರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಆ ಹೆಬ್ಬೆಟ್ಟಿನ ಗೆರೆಗಳನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರವನ್ನು ಹಲವರು ಕೊನೆಯ ಮಾತೆಂದು ತಿಳಿಯುತ್ತಾರೆ. ಅದು ಹುಟ್ಟುವುದು ಆಸ್ತಿಯ ವಾರಸಿಗಾಗಿ. ಖಾತೆದಾರರಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಎಳವೆಯಲ್ಲೇ ತೀರಿಕೊಂಡ ಮಕ್ಕಳು ಅದರಲ್ಲಿ ಇಲ್ಲದಿರಬಹುದು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟ ಮನೆಗಳು ಎಷ್ಟೋ ಇವೆ. ಒಂದೇ ತಂದೆತಾಯಿಗೆ ಒಂದೇ ಹೆಸರಿನ ಇಬ್ಬರು ಮಕ್ಕಳು ಕಂಡರೆ ಒಂದಾಗಿಸುವ ಮೊದಲು ಮನೆಯ ಹಿರಿಯರನ್ನು ಮೆಲ್ಲಗೆ ಕೇಳಿ. ಅದು ಅವರಿಗೆ ನೋವಿನ ವಿಷಯ ಎಂಬುದು ನೆನಪಿರಲಿ.

ಸಾವಿನ ದಿನಾಂಕ ಹೊಂದದಿದ್ದರೆ ತಿಥಿಯನ್ನು ಹೋಲಿಸಿ. ಇಸವಿ ಮರೆತವರೂ ವರ್ಷಾವಧಿ ಮಾಡುವ ತಿಥಿ ಮರೆತಿರುವುದಿಲ್ಲ. ಆ ತಿಥಿ ಪ್ರತಿ ವರ್ಷ ಬೇರೆ ತಾರೀಖಿಗೆ ಬೀಳುವುದರಿಂದ, ಒಬ್ಬರು ಒಂದು ವರ್ಷದ ತಾರೀಖು, ಇನ್ನೊಬ್ಬರು ಇನ್ನೊಂದು ವರ್ಷದ ತಾರೀಖು ಬರೆದಿರುವ ಸಾಧ್ಯತೆ ಹೆಚ್ಚು. ತುಮಕೂರು ಕಡೆಯ ನಮ್ಮ ನೆಂಟರ ಮನೆಗೆ ಹೆಳವರು ಬಂದು ವಂಶಾವಳಿ ಓದಿ ಹೇಳುತ್ತಿದ್ದರು. ಅಂಥ ಅವಕಾಶ ಇನ್ನೂ ಉಳಿದಿರುವ ಮನೆಯವರು ದಯವಿಟ್ಟು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅವರ ಒಪ್ಪಿಗೆ ಕೇಳಿಯೇ.

ಹೆಣ್ಣುಮಕ್ಕಳ ನಮೂದು

ಗಂಡಸರ ಜೋಡಿಗಳಲ್ಲಿ ಹೆಸರು ಒಂದೇ, ವ್ಯಕ್ತಿಗಳು ಬೇರೆ. ಹೆಂಗಸರಲ್ಲಿ ತದ್ವಿರುದ್ಧ: ವ್ಯಕ್ತಿ ಒಬ್ಬರೇ, ಹೆಸರು ಬೇರೆ. ತವರಿನಲ್ಲಿ ಪುಟ್ಟಮ್ಮನಾಗಿದ್ದವರು ಗಂಡನ ಮನೆಯಲ್ಲಿ ಲಕ್ಷ್ಮಮ್ಮ. ತವರಿನವರ ಪಟದಲ್ಲಿ ಪುಟ್ಟಮ್ಮನ ಮುಂದೆ ಗಂಡನಿಲ್ಲ, ಗಂಡನ ಮನೆಯವರ ಪಟದಲ್ಲಿ ಲಕ್ಷ್ಮಮ್ಮನ ಹಿಂದೆ ತಂದೆತಾಯಿಯಿಲ್ಲ. ಯಾವ ಯಂತ್ರವೂ ಇವರನ್ನು ಜೋಡಿಯೆಂದು ತೋರಿಸುವುದಿಲ್ಲ. ದಾಖಲೆಯಲ್ಲಿ ‘ಲಕ್ಷ್ಮಮ್ಮ ಕೋಂ ಮುನಿಯಪ್ಪ’ ಎಂದರೆ ಮುನಿಯಪ್ಪನ ಹೆಂಡತಿ ಲಕ್ಷ್ಮಮ್ಮ. ತಂದೆಯ ಹೆಸರಿಗೆ ಅಲ್ಲಿ ಜಾಗವೇ ಇಲ್ಲ.

ಇವರನ್ನು ಹುಡುಕಿ ಸೇರಿಸುವುದೇ ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದೆ. ದಾರಿ ಒಂದೇ, ಹಿರಿಯ ಹೆಂಗಸರನ್ನು ಕೇಳುವುದು. ‘ಅವರ ತವರು ಯಾವುದು, ಬಾಣಂತನಕ್ಕೆ ಎಲ್ಲಿಗೆ ಹೋಗುತ್ತಿದ್ದರು, ಅವರ ಮಕ್ಕಳ ಮದುವೆಗಳಲ್ಲಿ ಸೋದರಮಾವನ ಸ್ಥಾನದಲ್ಲಿ ಯಾರು ನಿಂತರು?’ ಸೋದರಮಾವನ ಹೆಸರು ಸಿಕ್ಕರೆ ಆತನ ಅಕ್ಕತಂಗಿಯರಲ್ಲಿ ಒಬ್ಬಾಕೆ ನೀವು ಹುಡುಕುತ್ತಿರುವವರು. ಒಂದಾಗಿಸಿದ ಮೇಲೆ ತವರಿನ ಹೆಸರನ್ನು ಮುಖ್ಯ ಹೆಸರಾಗಿ ಇಟ್ಟು, ಗಂಡನ ಮನೆಯ ಹೆಸರನ್ನು ‘ಇತರ ಹೆಸರು’ ಕಾಲಮಿಗೆ ಹಾಕಿ. ಎರಡೂ ಉಳಿಯಲೇಬೇಕು.

ಇನ್ನೊಂದು ಎಚ್ಚರ: ಒಬ್ಬ ಮುನಿಯಪ್ಪನಿಗೆ ಇಬ್ಬರು ಹೆಂಡತಿಯರು ಕಂಡರೆ ಅಷ್ಟರಿಂದಲೇ ಇಬ್ಬರು ಮುನಿಯಪ್ಪಂದಿರು ಎನ್ನಬೇಡಿ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನೇ ತಂದುಕೊಂಡ ಮನೆಗಳು ಬೇಕಾದಷ್ಟಿವೆ.

ಒಂದಾಗಿಸುವ ಹೊತ್ತು

ಸ್ವಂತ ಕಂಪ್ಯೂಟರಿನಲ್ಲಿದ್ದರೆ ಪೂರ್ತಿ ವೃಕ್ಷದ ಪ್ರತಿ ತೆಗೆದಿಡಿ. ಹಂಚಿಕೊಂಡ ವೃಕ್ಷದಲ್ಲಾದರೆ ಎರಡೂ ನಮೂದುಗಳ ಪುಟವನ್ನು ಚಿತ್ರವಾಗಿ ಉಳಿಸಿಕೊಳ್ಳಿ, ಎರಡೂ ಗುರುತಿನ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಇನ್ನೊಂದು ನಮೂದನ್ನು ಸೇರಿಸಿದವರಿಗೆ ಸಂದೇಶ ಕಳುಹಿಸಿ ಕೆಲವು ದಿನ ಕಾಯಿರಿ. ಅವರ ಬಳಿ ನಿಮಗೆ ಗೊತ್ತಿಲ್ಲದ ಕಾಗದ ಇರಬಹುದು.

ಹೋಲಿಕೆಯ ಪುಟದಲ್ಲಿ ಒಂದು ಬದಿಯ ನಮೂದು ಉಳಿಯುತ್ತದೆ, ಇನ್ನೊಂದು ಬದಿಯದು ಅಳಿಯುತ್ತದೆ. ಹೆಚ್ಚು ಆಧಾರಗಳಿರುವ ನಮೂದು ಉಳಿಯಲಿ, ಬೇಕಿದ್ದರೆ ಬದಿ ಬದಲಿಸಿಕೊಳ್ಳಬಹುದು. ಅಳಿಯುವ ಬದಿಯ ಪ್ರತಿ ಸಾಲನ್ನೂ ಓದಿ, ಬೇಕಾದದ್ದನ್ನು ಈಚೆಗೆ ತನ್ನಿ. ಒಂದೇ ಸಲಕ್ಕೆ ಎಲ್ಲವನ್ನೂ ಎಳೆದುಕೊಂಡರೆ ಮೂರು ಜನ್ಮದಿನಾಂಕಗಳ ಮನುಷ್ಯ ಸಿಗುತ್ತಾನೆ. ಗುಂಡಿ ಕೆಲಸ ಮಾಡದಿದ್ದರೆ ಲಿಂಗದ ಕಾಲಂ ನೋಡಿ. ಒಂದರಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು ಎಂದಿದ್ದರೆ ಫ್ಯಾಮಿಲಿಸರ್ಚ್ ಒಂದಾಗಿಸಲು ಬಿಡುವುದಿಲ್ಲ. ನಮ್ಮ ಹೆಸರುಗಳ ಪರಿಚಯವಿಲ್ಲದವರು ತುಂಬಿದ ನಮೂದುಗಳಲ್ಲಿ ಈ ತಪ್ಪು ಆಗುತ್ತದೆ.

ಕಾರಣ ಬರೆಯುವ ಜಾಗದಲ್ಲಿ ‘ಒಬ್ಬರೇ’ ಎಂದಷ್ಟೇ ಬರೆಯುವುದು ಸಾಲದು. ಮುತ್ತಾತ ವೆಂಕಟಪ್ಪನವರ ಎರಡು ನಮೂದುಗಳನ್ನು ಸೇರಿಸುವಾಗ ನಾನು ಹೀಗೆ ಬರೆದೆ: ‘ಎರಡರಲ್ಲೂ ತಂದೆ ಮುನಿಯಪ್ಪ, ಹೆಂಡತಿ ಒಬ್ಬರೇ, 1938ರ ಪಾಲುಪಟ್ಟಿಯಲ್ಲಿ ಹೆಸರಿರುವ ತಮ್ಮ ಒಬ್ಬರೇ. ಸಾವಿನ ತಿಥಿ ಎರಡರಲ್ಲೂ ಭಾದ್ರಪದ ಬಹುಳ ಪಂಚಮಿ.’ ನಾಳೆ ಯಾರಾದರೂ ಇದನ್ನು ಪ್ರಶ್ನಿಸಿದರೆ ಈ ಸಾಲುಗಳೇ ಉತ್ತರಿಸುತ್ತವೆ.

ಒಬ್ಬರನ್ನು ಸೇರಿಸಿದೊಡನೆ ಕೆಲಸ ಮುಗಿಯದು. ಅವರ ಹಿಂದೆ ಎರಡು ಜೊತೆ ತಂದೆತಾಯಿ, ಮುಂದೆ ಎರಡೆರಡು ಮಕ್ಕಳು ಬಂದು ನಿಂತಿರುತ್ತಾರೆ. ಗಂಡನದು ಮುಗಿದ ಕೂಡಲೇ ಹೆಂಡತಿ, ಆಮೇಲೆ ಮಕ್ಕಳು, ಆಮೇಲೆ ತಂದೆತಾಯಿ. ಒಂದು ಮನೆ ಪೂರ್ತಿಯಾಗುವವರೆಗೆ ಏಳಬೇಡಿ.

ತಪ್ಪಾಗಿ ಸೇರಿಸಿದ್ದರೆ

ಗೊತ್ತಾದ ಕ್ಷಣ ಕೈ ನಿಲ್ಲಿಸಿ, ಏನನ್ನೂ ತಿದ್ದಬೇಡಿ. ಫ್ಯಾಮಿಲಿಸರ್ಚ್‌ನಲ್ಲಿ ವ್ಯಕ್ತಿಯ ಬದಲಾವಣೆಗಳ ಪಟ್ಟಿ ತೆರೆದರೆ ವಿಲೀನದ ಸಾಲು ಸಿಗುತ್ತದೆ. ಆ ಮೇಲೆ ಯಾರೂ ಏನೂ ಬದಲಿಸಿರದಿದ್ದರೆ ಅಲ್ಲಿಂದಲೇ ಪೂರ್ತಿ ಹಿಂದಿರುಗಿಸಬಹುದು. ನಾನು ಗಾಬರಿಯಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಬೇರ್ಪಡಿಸತೊಡಗಿದೆ, ಆ ದಾರಿ ಮುಚ್ಚಿಹೋಯಿತು. ಆಗ ಉಳಿದದ್ದು ಅಳಿದ ನಮೂದನ್ನು ಅದರ ಗುರುತಿನ ಸಂಖ್ಯೆಯಿಂದ ಹುಡುಕಿ ಮರಳಿ ತರುವುದು, ಉಳಿದ ನಮೂದಿನಿಂದ ಅದಕ್ಕೆ ಸೇರಿದ್ದನ್ನು ಕೈಯಾರೆ ಒಂದೊಂದಾಗಿ ಬಿಡಿಸುವುದು. ಮೂರು ತಿಂಗಳು ಹೋದದ್ದು ಇದಕ್ಕೇ. ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಬಿಡಿಸಿದ ಮೇಲೆ ಇಬ್ಬರನ್ನೂ ‘ಹೊಂದಿಕೆಯಲ್ಲ’ ಎಂದು ಗುರುತಿಸಿ, ಕಾರಣ ಬರೆಯಿರಿ. ಇಲ್ಲದಿದ್ದರೆ ಅದೇ ಸೂಚನೆ ಮತ್ತೆ ಮಿನುಗುತ್ತದೆ, ಇನ್ನೊಬ್ಬ ಮೊಮ್ಮಗನ ಬೆರಳು ಅತ್ತ ಹೋಗುತ್ತದೆ.

ಇನ್ನು ಮೂರನೆಯ ಮುನಿಯಪ್ಪ, ಬಾಗೇಪಲ್ಲಿ ನೆಂಟರು ಸೇರಿಸಿದ ಪೆದ್ದ ಮುನಿಯಪ್ಪ. ಹೆಂಡತಿಯ ಹೆಸರು ತಾತನ ತಾತನ ಹೆಂಡತಿಯದಕ್ಕೆ ಹೊಂದುತ್ತದೆ, ತಂದೆಯ ಹೆಸರೂ ಹೊಂದುತ್ತದೆ. ಆದರೆ ‘ಪೆದ್ದ’ ಎಂದ ಮೇಲೆ ಒಬ್ಬ ‘ಚಿನ್ನ’, ಅಂದರೆ ಚಿಕ್ಕ ಮುನಿಯಪ್ಪ, ಇರಬೇಕು. ನಮ್ಮ ಯಾವ ಕಾಗದದಲ್ಲೂ ಮುನಿಯಪ್ಪನಿಗೆ ತಮ್ಮನಿಲ್ಲ. ಮೂರು ಸಾಕ್ಷ್ಯ ಕೂಡಿಲ್ಲ. ಅವರನ್ನು ಹಾಗೆಯೇ ಬಿಟ್ಟಿದ್ದೇನೆ, ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: ‘ಒಬ್ಬರೇ ಇರಬಹುದು. ಒಂದಾಗಿಸಬೇಡಿ. ತಮ್ಮನ ಹೆಸರು ಅಥವಾ ಜಮೀನು ಬಂದ ಬಗೆ ತಿಳಿಯಬೇಕು.’ ಬಾಗೇಪಲ್ಲಿಯ ಅಜ್ಜಿಯೊಬ್ಬರಿಗೆ ಗೊತ್ತಿರಬಹುದಂತೆ. ಬರುವ ಮಹಾಲಯ ಅಮಾವಾಸ್ಯೆಗೆ ಅವರು ಮಗನ ಮನೆಗೆ ಬರುತ್ತಾರೆ, ಆಗ ಹೋಗಿ ಕೇಳುತ್ತೇನೆ.